ನಲವತ್ತೊಂದು ದೋಷಗಳು

ಕಾಲಿಗೆ ಚಪ್ಪಲಿ ಇಲ್ಲದಿದ್ದರೆ ಅವರ ಬಾಯಿಂದ 'ಆಕ್ಷನ್' ಹೊರಡುತ್ತಿರಲಿಲ್ಲ. ಜಪಾನಿನಲ್ಲಿ ಮನೆಯೊಳಗೆ ಚಪ್ಪಲಿ ಮೆಟ್ಟುವುದು ದೊಡ್ಡ ಅಪಚಾರ. ಅದಕ್ಕವರು ಓಜಿಮಾದ ನಮ್ಮ ಹೌಸಿಂಗ್ ಎಸ್ಟೇಟಿನ ಒಂಬತ್ತನೇ ಮಹಡಿಯಲ್ಲಿ, ತಮ್ಮ ಮನೆಯ ಪುಟ್ಟ ಹಾಲಿನ ನಡುವೆ ಸೂಪರ್ ಮಾರ್ಕೆಟ್ಟಿನ ಜಾಹೀರಾತು ಹಾಳೆಗಳನ್ನು ಹಾಸಿ, ಅದರ ಮೇಲೆ ಒಮ್ಮೆಯೂ ಬೀದಿ ಕಾಣದ ಕಪ್ಪು ಬೂಟು ತೊಟ್ಟು ನಿಲ್ಲುತ್ತಿದ್ದರು. ಇಸ್ತ್ರಿ ಮಾಡಿದ ಹತ್ತಿ ಸೀರೆ, ಕೆಳಗೆ ಬೂಟು. ಎದುರಿಗೆ ಲ್ಯಾಪ್‌ಟಾಪ್. ಅವರು 'ಆಕ್ಷನ್' ಎಂದ ಎರಡು ಸೆಕೆಂಡಿನ ಮೇಲೆ ಆ ಮಾತು ಬೆಂಗಳೂರಿನ ಸೆಟ್ಟಿನಲ್ಲಿ, ಸ್ಟ್ಯಾಂಡಿಗೆ ಕಟ್ಟಿದ ಫೋನಿನಿಂದ ಕೇಳಿಸುತ್ತಿತ್ತು. ಆ ಎರಡು ಸೆಕೆಂಡು ಅವರು ಉಸಿರಾಡುತ್ತಿರಲಿಲ್ಲ. ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ಕೂತಿರುತ್ತಿದ್ದ ನಾನೂ ಉಸಿರಾಡುತ್ತಿರಲಿಲ್ಲ.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೂ ಬಹಳ ಜನಕ್ಕೆ ಗೊತ್ತಾಗಲಿಕ್ಕಿಲ್ಲ, ಮುಖ ಮಾತ್ರ ಗೊತ್ತಾಗುತ್ತದೆ. ನಾಯಕನ ತಂಗಿಯಾಗಿ, ನಾಯಕಿಯ ಗೆಳತಿಯಾಗಿ, ಆಮೇಲೆ ಧಾರಾವಾಹಿಯೊಂದರಲ್ಲಿ ಕೆಟ್ಟ ಅತ್ತಿಗೆಯಾಗಿ ನೀವು ನೋಡಿರುತ್ತೀರಿ. ಓಜಿಮಾದ ಕನ್ನಡದ ಹೆಂಗಸರೆಲ್ಲ ಅವರನ್ನು 'ಅತ್ತಿಗೆ' ಎಂದೇ ಕರೆಯುತ್ತಿದ್ದರು. ಧಾರಾವಾಹಿಯಲ್ಲಿ ಅವರು ಪಾಯಸಕ್ಕೆ ವಿಷ ಹಾಕಿದ್ದರಂತೆ. ಯುಗಾದಿಗೆ ಮೂರು ನಾಲ್ಕು ಮನೆಯವರು ಸೇರಿದಾಗ ಅವರು ಮಾಡಿ ತಂದ ಶಾವಿಗೆ ಪಾಯಸವನ್ನು ಯಾರೂ ಮೊದಲು ಮುಟ್ಟಲಿಲ್ಲ, ತಮಾಷೆಗೆ. ಅವರೂ ನಕ್ಕು, ತಾವೇ ಎರಡು ಬಟ್ಟಲು ಕುಡಿದು, "ಈಗ ಹತ್ತು ನಿಮಿಷ ಕಾಯಿರಿ, ನಾನು ಬಿದ್ದಿಲ್ಲ ಅಂದ್ರೆ ಬಡಿಸ್ಕೊಳ್ಳಿ" ಎಂದರು.

ಅವರ ಗಂಡ ಸಾಫ್ಟ್‌ವೇರಿನವರು, ನಮ್ಮ ಪಕ್ಕದ ಮನೆ. ಮಾತು ಕಡಿಮೆ. ಶೂಟಿಂಗಿನ ನಡುವೆ ಬಿಡುವು ಸಿಕ್ಕಿತೆಂದು ಗಂಡನನ್ನು ನೋಡಿ ಹೋಗಲು ಅವರು ಹತ್ತು ದಿನಕ್ಕೆ ಬಂದಿದ್ದರು. ಬಂದ ವಾರಕ್ಕೇ ಕೊರೋನಾ ಬಾಗಿಲುಗಳನ್ನೆಲ್ಲ ಹಾಕಿಸಿತು. ಹತ್ತು ದಿನದ ಸೂಟ್‌ಕೇಸು ಹಿಡಿದು ಬಂದವರು ಹತ್ತು ತಿಂಗಳಿಗೂ ಹೆಚ್ಚು ಕಾಲ ಇಲ್ಲೇ ಉಳಿಯಬೇಕಾಯಿತು.

ನಿಂತದ್ದು ಅವರೊಬ್ಬರಲ್ಲ, ಅವರ ಸಿನಿಮಾ ಕೂಡ. ಅದು ಅವರೇ ಬರೆದು, ಅವರೇ ನಿರ್ದೇಶಿಸುತ್ತಿದ್ದ ಮೊದಲ ಸಿನಿಮಾ. ದಾವಣಗೆರೆಯಲ್ಲಿ ಶಾಲೆಯ ಯೂನಿಫಾರಂ ಹೊಲಿದು ಬದುಕುವ ಒಬ್ಬ ಹೆಂಗಸಿನ ಕಥೆ. ಇನ್ನೂ ಹನ್ನೆರಡು ದಿನದ ಶೂಟಿಂಗ್ ಬಾಕಿಯಿತ್ತು. ವಿಶೇಷ ವಿಮಾನಗಳ ಪಟ್ಟಿಗೆ ಅವರು ಹೆಸರು ಕೊಟ್ಟು ಕೂತಿದ್ದರು. ದಿನಾ ಬೆಳಿಗ್ಗೆ ನಾನು ಕಸ ಹಾಕಲು ಕೆಳಗೆ ಹೋಗುವಾಗ ಲಿಫ್ಟಿನಲ್ಲಿ ಸಿಕ್ಕಿದರೆ ಕೇಳುತ್ತಿದ್ದೆ, "ಹೆಸರು ಬಂತಾ?" ಮಾಸ್ಕಿನ ಮೇಲಿನ ಹುಬ್ಬು ಇಲ್ಲವೆಂದು ಹೇಳುತ್ತಿತ್ತು.

ಲಿಫ್ಟಿನಲ್ಲಿ ಅವರಿಗೆ ಇನ್ನೊಂದು ಆಟವಿತ್ತು. ಎಲ್ಲರೂ ಮಾಸ್ಕು ಹಾಕಿರುತ್ತಿದ್ದರಲ್ಲ, ಬರೀ ಕಣ್ಣು ನೋಡಿ ಮನೆಯ ಸುದ್ದಿ ಹೇಳುತ್ತಿದ್ದರು. ಏಳನೇ ಮಹಡಿಯ ಹಯಾಶಿ-ಸಾನ್ ನಮ್ಮ ಕಟ್ಟಡದ ನಿವಾಸಿಗಳ ಸಂಘದ ಮುಖ್ಯಸ್ಥರು, ಎಪ್ಪತ್ತು ದಾಟಿದ ಗಟ್ಟಿ ಮುದುಕ. ಅವರು ಇಳಿದು ಹೋದ ಮೇಲೆ ಇವರು, "ಅವ್ರು ಇವತ್ತು ಅತ್ತಿದಾರೆ, ಸುಧಾ. ಅಕ್ಕಪಕ್ಕದವರಿಗೆ ಗೊತ್ತಾಗ್ಬಾರ್ದು ಅಂತ ನೀರು ಬಿಟ್ಕೊಂಡು ಅತ್ತಿದಾರೆ" ಎಂದರು. ನಾನು ನಂಬಲಿಲ್ಲ. ಮರುವಾರ ಗೊತ್ತಾಯಿತು, ಹಿರೋಷಿಮಾದಲ್ಲಿದ್ದ ಅವರ ಅಣ್ಣ ತೀರಿಕೊಂಡಿದ್ದರು, ಅವರಿಗೆ ಹೋಗಲಾಗಿರಲಿಲ್ಲ.

ಬೆಂಗಳೂರಿನಲ್ಲಿ ಮತ್ತೆ ಶೂಟಿಂಗಿಗೆ ಅನುಮತಿ ಸಿಕ್ಕಿ, ಇವರು ಇಲ್ಲಿಂದಲೇ ಫೋನಿನಲ್ಲಿ ನಿರ್ದೇಶಿಸತೊಡಗಿದಾಗ, ಇದೇ ಹಯಾಶಿ-ಸಾನ್ ಅವರ 'ಆಕ್ಷನ್' ಬಗ್ಗೆ ದೂರು ಹಂಚಿದರು. ನಮ್ಮಲ್ಲಿ ಕೈರಾನ್‌ಬಾನ್ ಎಂದು ಒಂದು ಪದ್ಧತಿ ಇದೆ. ಸಂಘದ ಸೂಚನೆಗಳನ್ನು ಒಂದು ರಟ್ಟಿಗೆ ಸಿಕ್ಕಿಸಿ ಮನೆಯಿಂದ ಮನೆಗೆ ಕಳಿಸುತ್ತಾರೆ. ಓದಿದವರು ಮುದ್ರೆಯೊತ್ತಿ ಪಕ್ಕದ ಮನೆಯ ಬಾಗಿಲ ಹಿಡಿಗೆ ನೇತು ಹಾಕಬೇಕು. ಒಂದು ಮನೆಯನ್ನೂ ಬಿಡುವಂತಿಲ್ಲ. ಆ ಸಲದ ಹಾಳೆಯಲ್ಲಿ, ಮಧ್ಯಾಹ್ನದ ಹೊತ್ತು ಒಂಬತ್ತನೇ ಮಹಡಿಯಿಂದ ಬರುವ ಗಟ್ಟಿ ದನಿಯ ಬಗ್ಗೆ ಬಹಳ ವಿನಯದಿಂದ, ಯಾರ ಮನೆಯೆಂದು ಹೇಳದೆ, ಎಲ್ಲರಿಗೂ ತಿಳಿಯುವಂತೆ ಬರೆದಿತ್ತು. ಇವರು ಮುದ್ರೆಯ ಜಾಗದಲ್ಲಿ ಕನ್ನಡದಲ್ಲಿ ಸಹಿ ಹಾಕಿ ನನಗೆ ದಾಟಿಸಿದರು. ಮರುದಿನದಿಂದ ಬೆಂಗಳೂರಿನ ಸೆಟ್ಟಿಗೆ ಪಿಸುಮಾತಿನ ಆಕ್ಷನ್. ಒಮ್ಮೆ ಬಾಯಿ ತಪ್ಪಿ ಜೋರಾಗಿ ಹೇಳಿದ್ದಕ್ಕೆ ನೆಲದ ಕಡೆ ನೋಡಿ, "ಸುಮಿಮಾಸೆನ್" ಎಂದು ಕ್ಷಮೆ ಕೇಳಿ, ಮತ್ತೆ ಮೆಲ್ಲಗೆ 'ಆಕ್ಷನ್' ಎಂದರು. ಬೆಂಗಳೂರಿನಲ್ಲಿ ಕ್ಯಾಮೆರಾದವರು ಅದನ್ನೇ ಹೊಸ ಪದ್ಧತಿ ಎಂದುಕೊಂಡು ವಾರವಿಡೀ 'ಸುಮಿಮಾಸೆನ್, ಆಕ್ಷನ್' ಎಂದರಂತೆ.

ನಾನು ಅವರ ಮನೆಯ ಹಾಲ್‌ಗೆ ಹೇಗೆ ಬಂದೆ ಎಂದರೆ, ನನಗೆ ತಪ್ಪು ಹುಡುಕುವ ಚಟ. ಹೊಟ್ಟೆಪಾಡೂ ಅದೇ. ಮೈಸೂರಿನಲ್ಲಿ ಓದು ಮುಗಿಸಿದಾಗಿನಿಂದ ನಾನು ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಕಷ್ಟಪಟ್ಟು ಕಟ್ಟಿದ್ದರಲ್ಲಿ ಏನು ಕೆಟ್ಟಿದೆ ಎಂದು ಹೇಳಿ ಸಂಬಳ ತೆಗೆದುಕೊಳ್ಳುವವಳು. ಅವರ ಮೊದಲ ದಿನದ ದೂರ-ಶೂಟಿಂಗ್ ನೋಡಲು ಹೋದವಳು ಸುಮ್ಮನಿರಲಾರದೆ, "ಹಿಂದಿನ ಶಾಟಲ್ಲಿ ಕತ್ತರಿ ಮಿಷಿನ್ನಿನ ಎಡಗಡೆ ಇತ್ತು" ಎಂದೆ. ಅವರು ನನ್ನನ್ನು ತಿರುಗಿ ನೋಡಿದ ನೋಟ ನೆನಪಿದೆ. ಬೈಯುತ್ತಾರೆಂದುಕೊಂಡೆ. "ನಾಳೆ ಎಷ್ಟು ಗಂಟೆಗೆ ಫ್ರೀ ಇರ್ತೀರಿ?" ಎಂದು ಕೇಳಿದರು. ಅಲ್ಲಿ ಬೆಳಿಗ್ಗೆ ಒಂಬತ್ತಾದರೆ ಇಲ್ಲಿ ಹನ್ನೆರಡೂವರೆ, ನನ್ನ ಊಟದ ಬಿಡುವು. ಮನೆಯಿಂದಲೇ ಆಫೀಸು ನಡೆಯುತ್ತಿದ್ದ ಕಾಲ. ಒಂದು ಕೈಯಲ್ಲಿ ಚಿತ್ರಾನ್ನದ ಡಬ್ಬಿ, ಇನ್ನೊಂದರಲ್ಲಿ ಪೆನ್ನು ಹಿಡಿದು ಪಕ್ಕದ ಮನೆಗೆ ಓಡುತ್ತಿದ್ದೆ.

ಟೇಕುಗಳ ನಡುವೆ ಅವರು ತಮ್ಮ ಕಥೆಯನ್ನು ತುಣುಕು ತುಣುಕಾಗಿ ಹೇಳುತ್ತಿದ್ದರು. ಹತ್ತೊಂಬತ್ತನೇ ವಯಸ್ಸಿಗೆ ಸಿನಿಮಾಗೆ ಬಂದದ್ದು. ಅರ್ಧಕ್ಕರ್ಧ ಪಾತ್ರಗಳಲ್ಲಿ ಕಾಫಿ ತಂದಿಡುವುದೇ ಕೆಲಸ. ಕಾಫಿ ತಂದಿಟ್ಟು ಸುಮ್ಮನೆ ಹೋಗಲಾರದೆ ಶೂಟಿಂಗ್ ಶೀಟಿನ ಬೆನ್ನಿಗೆ ತನಗೊಂದು ಮಾತು ಬರೆದುಕೊಳ್ಳುತ್ತಿದ್ದರಂತೆ. ಒಮ್ಮೆ ಹಾಗೆ ಬರೆದ ಮಾತು ಚೆನ್ನಾಗಿದೆಯೆಂದು ನಿರ್ದೇಶಕರು ಅದನ್ನು ತೆಗೆದು ನಾಯಕನ ಬಾಯಿಗೆ ಹಾಕಿದರು. ಥಿಯೇಟರಿನಲ್ಲಿ ಆ ಮಾತಿಗೆ ಶಿಳ್ಳೆ ಬಿತ್ತು.

"ನಾನು ಹಿಂದಿನ ಸಾಲಲ್ಲಿ ಕೂತಿದ್ದೆ. ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ, ಏನ್ ಮಾಡ್ಲಿ? ಆಮೇಲೆ ಎಷ್ಟೋ ಸಿನಿಮಾಕ್ಕೆ ಡೈಲಾಗ್ ಬರ್ದಿದೀನಿ. ಟೈಟಲ್ ಕಾರ್ಡಲ್ಲಿ ಬೇರೆಯವರ ಹೆಸರು. ಈ ಸಲ ಮಾತ್ರ ಬಿಡಲ್ಲ. ಕಥೆ, ಮಾತು, ನಿರ್ದೇಶನ ಅಂತ ಬಂದು ಅದರ ಕೆಳಗೆ ನನ್ನ ಹೆಸರು ನಾಲ್ಕು ಸೆಕೆಂಡು ನಿಲ್ಬೇಕು. ನಾಲ್ಕೇ ಸೆಕೆಂಡು."

ಹೇಳುವಾಗ ಎಡಗೈಯ ಹೆಬ್ಬೆರಳಿಂದ ಉಳಿದ ನಾಲ್ಕು ಬೆರಳನ್ನು ಒಂದೊಂದಾಗಿ ಮುಟ್ಟುತ್ತಿದ್ದರು. ನಿರ್ಮಾಪಕರ ಫೋನು ಬಂದಾಗಲೂ ಹಾಗೇ ಮುಟ್ಟುತ್ತಿದ್ದುದನ್ನು ನಾನು ನೋಡಿದ್ದೇನೆ. ಅವರಿಗೆ ಹೆದರಿಕೆಯಿತ್ತು. ಸೆಟ್ಟಿನಲ್ಲಿ ನಿರ್ಮಾಪಕರ ಅಣ್ಣನ ಮಗನೊಬ್ಬ ಸಹಾಯಕ ನಿರ್ದೇಶಕನಾಗಿದ್ದ. ಫೋನಿನ ಸ್ಟ್ಯಾಂಡನ್ನು ಎಲ್ಲಿಡಬೇಕೆಂದು ನಿರ್ಧರಿಸುತ್ತಿದ್ದವನು ಅವನೇ. ದಿನಗಳೆದಂತೆ ಆ ಸ್ಟ್ಯಾಂಡು ಕ್ಯಾಮೆರಾದಿಂದ ಒಂದೊಂದೇ ಅಡಿ ದೂರ ಸರಿಯುತ್ತಿತ್ತು. ಕೊನೆಗೆ ನಮಗೆ ಕಲಾವಿದರ ಬೆನ್ನು ಮಾತ್ರ ಕಾಣುತ್ತಿತ್ತು. "ಸ್ವಲ್ಪ ಮುಂದೆ ತಗೊಳ್ಳಪ್ಪ" ಎಂದು ಇವರು ಇಲ್ಲಿಂದ ಪಿಸುಗುಟ್ಟಿದರೆ, ಎರಡು ಸೆಕೆಂಡು ಬಿಟ್ಟು ಅಲ್ಲಿಂದ "ಕೇಳಿಸ್ತಿಲ್ಲ ಮೇಡಂ" ಎಂದು ಬರುತ್ತಿತ್ತು. ನನಗೆ ಮೈ ಉರಿಯುತ್ತಿತ್ತು. ಅವರು ಮಾತ್ರ ಬೂಟಿನ ತುದಿಯಿಂದ ಹಾಳೆಯನ್ನು ಸರಿಮಾಡಿಕೊಂಡು ಮತ್ತೆ ಕೇಳುತ್ತಿದ್ದರು.

ಎಂಟು ದಿನದ ಶೂಟಿಂಗ್ ಹೀಗೇ ಮುಗಿಯಿತು. ಉಳಿದ ನಾಲ್ಕು ದಿನಕ್ಕೆ ಮೊದಲು, ಆದಷ್ಟನ್ನು ಜೋಡಿಸಿ ನೋಡೋಣವೆಂದು ಎಡಿಟರ್ ಒಂದು ಕಚ್ಚಾ ಪ್ರತಿ ಮಾಡಿದರು. ಅದರ ಲಿಂಕನ್ನು ಇವರು ಎಂಟು ಜನರಿಗೆ ಒಂದೇ ಇಮೇಲಿನಲ್ಲಿ ಕಳಿಸಿದರು: ನಿರ್ಮಾಪಕರು, ಅವರ ಅಣ್ಣನ ಮಗ, ಎಡಿಟರ್, ಕ್ಯಾಮೆರಾದವರು, ಇನ್ನೂ ಮೂವರು, ಕೊನೆಗೆ ನಾನು. ನನ್ನನ್ನು ಸೇರಿಸಿದ್ದು ಅವರೇ. "ನೋಡಿ ಹೇಳಿ ಸುಧಾ, ಏನ್ ಅನ್ಸುತ್ತೋ ಅದು" ಎಂದಿದ್ದರು.

ನೋಡಿದೆ. ಒಂದು ಕಡೆ ಅತ್ತೂ ಬಿಟ್ಟೆ. ಆಮೇಲೆ ಕಣ್ಣೊರೆಸಿಕೊಂಡು ನನಗೆ ಗೊತ್ತಿದ್ದ ಒಂದೇ ವಿದ್ಯೆ ಮಾಡಿದೆ. ಶನಿವಾರ, ಭಾನುವಾರ ಕೂತು ಪಟ್ಟಿ ಮಾಡಿದೆ. ದೋಷದ ಸಂಖ್ಯೆ, ನಿಮಿಷ, ಆಗಬೇಕಾದದ್ದು, ಆದದ್ದು, ತೀವ್ರತೆ, ಸ್ಥಿತಿ. ಕೊನೆಯ ಅಂಕಣ ಸರಿಪಡಿಸುವವರು ತುಂಬಲೆಂದು ಖಾಲಿ. ಒಟ್ಟು ನಲವತ್ತೊಂದು. ಬಾಗಿಲ ಮೇಲಿನ ಕ್ಯಾಲೆಂಡರಿನಲ್ಲಿ ತಿಂಗಳು ಬೇರೆ, ದಾರದ ಬಣ್ಣ ಬೇರೆ. ಹದಿನೇಳನೆಯದು: ಟೈಲರ್ ಹೆಂಗಸು ಸಾಲ ಕೊಟ್ಟವನೆದುರು ತೀರಾ ಹೊತ್ತು ಸುಮ್ಮನಿರುತ್ತಾಳೆ, ಕಡಿಮೆ ಮಾಡಬೇಕು. ಟೆಸ್ಟರುಗಳ ಪಟ್ಟಿಯಲ್ಲಿ 'ಚೆನ್ನಾಗಿದೆ' ಎಂದು ಬರೆಯಲು ಅಂಕಣವೇ ಇರುವುದಿಲ್ಲ. ನಾನು ಅತ್ತದ್ದು ಹಾಗಾಗಿ ಅದರಲ್ಲಿ ಎಲ್ಲೂ ಬರಲಿಲ್ಲ.

ಕಳಿಸುವಾಗ 'ಎಲ್ಲರಿಗೂ ಉತ್ತರಿಸಿ' ಎಂಬುದನ್ನು ಒತ್ತಿದೆ. ಕೈತಪ್ಪಿನಿಂದಲ್ಲ. ಐದು ವರ್ಷ ಜಪಾನಿನ ಆಫೀಸಿನಲ್ಲಿ ಪಳಗಿದ ಕೈ ಅದು. ನಮ್ಮ ಲೀಡ್ ನಾಕಾಮುರಾ-ಸಾನ್ ಮೊದಲ ವಾರವೇ ಕಲಿಸಿದ್ದರು, ಇಮೇಲಿನಲ್ಲಿ ಇದ್ದ ಒಬ್ಬರನ್ನು ಉತ್ತರದಲ್ಲಿ ಬಿಟ್ಟರೆ ಅವರ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ. ಕೈರಾನ್‌ಬಾನ್ ಎಲ್ಲ ಮನೆಗೂ ಹೋಗಬೇಕು. ನಾನು ಮರ್ಯಾದೆಯಾಗಿ, ಶ್ರದ್ಧೆಯಿಂದ, ನನ್ನ ಗೆಳತಿಯ ನಲವತ್ತೊಂದು ತಪ್ಪುಗಳನ್ನು ಅವರ ಕುರ್ಚಿಗಾಗಿ ಕಾದಿದ್ದವರ ಮನೆಬಾಗಿಲಿಗೆ ನೇತು ಹಾಕಿ ಬಂದೆ.

ಸೋಮವಾರ ಬೆಳಿಗ್ಗೆ ಅವರು ನಮ್ಮ ಬಾಗಿಲು ತಟ್ಟಿದರು. ಮಾಸ್ಕ್ ಹಾಕಿರಲಿಲ್ಲ, ಅದನ್ನು ನೋಡಿಯೇ ನನಗೆ ಗಾಬರಿಯಾಯಿತು.

"ಎಲ್ಲರಿಗೂ ಹಾಕಿದ್ರಾ?"

"ಹೂಂ. ಯಾಕೆ, ಹಾಕ್ಬಾರ್ದಿತ್ತಾ?"

ಅವರು ನನ್ನ ಮುಖ ನೋಡಿದರು. ನಿಜವಾಗಿ ಗೊತ್ತಾಗದೆ ಮಾಡಿದ್ದಾಳೆಂದು ನನ್ನ ಕಣ್ಣಿನಲ್ಲಿ ಓದಿಕೊಂಡಿರಬೇಕು. "ಗುರುವಾರ ಮೀಟಿಂಗ್ ಕರ್ದಿದಾರೆ. ಪಟ್ಟಿ ಮಾಡಿದವರೂ ಬರ್ಬೇಕಂತೆ. ಬನ್ನಿ. ನಿಮಗೆ ಸಿನಿಮಾ ಏನ್ ಅನ್ಸ್ತು ಅಂತ ಬಾಯಲ್ಲಿ ಹೇಳಿ. ಅಷ್ಟು ಸಾಕು."

ಹೇಳುತ್ತೇನೆ ಎಂದೆ. ಮೂರು ದಿನ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ನಲವತ್ತೊಂದರಲ್ಲಿ ಮೂವತ್ತಾರು ಸಣ್ಣವು, ಎರಡು ದಿನದಲ್ಲಿ ಸರಿಯಾಗುವಂಥವು, ಸಿನಿಮಾ ನೋಡಿ ನಾನು ಅತ್ತೆ, ಇದನ್ನು ಇವರಲ್ಲದೆ ಬೇರೆ ಯಾರೂ ಮುಗಿಸಲಾರರು. ಕನ್ನಡಿಯ ಮುಂದೆಯೂ ಹೇಳಿ ನೋಡಿಕೊಂಡೆ.

ಗುರುವಾರ ಮಧ್ಯಾಹ್ನ ಪರದೆಯ ಮೇಲೆ ಒಂಬತ್ತು ಚೌಕಗಳು. ನಾನು ನನ್ನ ಮನೆಯಲ್ಲಿ, ಅವರು ಗೋಡೆಯಾಚೆ. ನಮ್ಮ ಮಗಳು, ಆಗ ಎಂಟು ವರ್ಷ, ಊಟದ ಮೇಜಿನ ಆ ಕಡೆ ತನ್ನ ಶಾಲೆಯ ಹೋಂವರ್ಕು ಹರಡಿಕೊಂಡು ಕೂತಿದ್ದಳು. ನಿರ್ಮಾಪಕರು ಪಟ್ಟಿಯನ್ನು ಒಂದೊಂದಾಗಿ ಓದಿದರು. ಓದಿ ಮುಗಿಸಿ, "ನಿಮ್ಮ ಕಡೆಯವ್ರೇ ನಲವತ್ತೊಂದು ತಪ್ಪು ಅಂತಿದಾರೆ ಮೇಡಂ. ಫೋನಲ್ಲಿ ಡೈರೆಕ್ಷನ್ ಮಾಡಿದ್ರೆ ಹೀಗೇ ಆಗೋದು. ನಮ್ಮ ಹುಡುಗ ಸೆಟ್ಟಲ್ಲೇ ಇದಾನೆ, ಮುಗಿಸ್ತಾನೆ. ಮುಗಿಸಿದವನ ಹೆಸರೇ ಟೈಟಲ್‌ಗೆ ಬರುತ್ತೆ, ಅಗ್ರಿಮೆಂಟಲ್ಲೂ ಹಾಗೇ ಇದೆ" ಎಂದರು. ಆಮೇಲೆ, "ಅಂದಹಾಗೆ ಈ ಸುಧಾ ಯಾರು? ಅಲ್ಲಿ ಯಾವ್ದೋ ಕಂಪನೀಲಿ ಕೆಲಸ ಅಂತೆ. ಜಪಾನಲ್ಲಿ ವೀಸಾ ರೂಲ್ಸ್ ಭಾರಿ ಸ್ಟ್ರಿಕ್ಟ್ ಅಲ್ವಾ? ಎರಡೆರಡು ಕಡೆ ಕೆಲ್ಸ ಮಾಡ್ಬೋದಾ?"

ದುಡ್ಡಿಲ್ಲದ ಸಹಾಯಕ್ಕೆ ವೀಸಾದ ತೊಂದರೆ ಇಲ್ಲವೆಂದು ಆಮೇಲೆ ವಿಚಾರಿಸಿ ತಿಳಿದೆ. ನಿಜ ಹೇಳಬೇಕೆಂದರೆ ಅವತ್ತೂ ಅರ್ಧ ಗೊತ್ತಿತ್ತು. ಆದರೆ ಹೆದರಿಕೆ ಪೂರ್ತಿ ಇತ್ತು. ಆ ಕಾಲದಲ್ಲಿ ಇಲ್ಲಿಂದ ಒಮ್ಮೆ ಹೊರಬಿದ್ದ ವಿದೇಶಿಯರು ವಾಪಸು ಬರಲಾಗದೆ ಒದ್ದಾಡುತ್ತಿದ್ದರು. ಅಡುಗೆಮನೆಯಿಂದ ನನ್ನ ಗಂಡ ಎರಡೂ ಕೈಯೆತ್ತಿ ಬೇಡ ಬೇಡ ಎಂದು ಸನ್ನೆ ಮಾಡುತ್ತಿದ್ದ. ನನ್ನ ಬೆರಳು ಮೈಕಿನ ಗುರುತಿನ ಮೇಲಿತ್ತು. ಇನ್ನೊಂದು ಕೈಗೆ ಆಫೀಸಿನ ಐಡಿ ಕಾರ್ಡಿನ ದಾರವನ್ನು ಸುತ್ತಿಕೊಳ್ಳುತ್ತಿದ್ದೆ, ಬಿಚ್ಚುತ್ತಿದ್ದೆ. ಅದು ನನ್ನ ಹಳೆಯ ಚಾಳಿ.

"ಸುಧಾ ಅವ್ರು ಇದಾರಾ? ಮ್ಯೂಟಲ್ಲಿದೀರ ಅನ್ಸುತ್ತೆ" ಎಂದರು ಎಡಿಟರ್. ಒಳ್ಳೆಯವರು, ನನಗೆ ದಾರಿ ಮಾಡಿಕೊಡುತ್ತಿದ್ದರು.

ನಾನು ಒತ್ತಲಿಲ್ಲ.

ಗೆಳತಿ ತಮ್ಮ ಚೌಕದಿಂದ ನನ್ನನ್ನೇ ನೋಡುತ್ತಿದ್ದಂತಿತ್ತು. ಹೆಬ್ಬೆರಳು ಬೆರಳುಗಳನ್ನು ಮುಟ್ಟುತ್ತಿತ್ತು, ಒಂದು, ಎರಡು, ಮೂರು, ನಾಲ್ಕು. ನಾಲ್ಕಾದ ಮೇಲೆ ಕೈ ನಿಂತಿತು. "ಅವರನ್ನ ಬಿಡಿ. ಆ ಪಟ್ಟಿ ಮಾಡಿಸಿದ್ದು ನಾನೇ. ಅದರಲ್ಲಿರೋದೆಲ್ಲ ನಿಜ" ಎಂದರು. ಅವರ ಆ ಮಾತಿನೊಂದಿಗೆ ಸಿನಿಮಾ ಅವರ ಕೈತಪ್ಪಿತು. ಗೋಡೆಯಾಚೆಯಿಂದ ಲ್ಯಾಪ್‌ಟಾಪ್ ಮುಚ್ಚಿದ ಸದ್ದು ನನಗೆ ಕೇಳಿಸಿತು.

ನಮ್ಮಿಬ್ಬರ ನಡುವೆ ಆಮೇಲೆ ಒಂದೂವರೆ ತಿಂಗಳು ಓಡಾಡಿದ್ದು ಕೈರಾನ್‌ಬಾನ್ ಒಂದೇ. ನನ್ನ ಬಾಗಿಲಿಗೆ ಅದು ಸದ್ದಿಲ್ಲದೆ ನೇತು ಬೀಳುತ್ತಿತ್ತು, ಕನ್ನಡದ ಸಹಿಯ ಸಮೇತ. ಕ್ಷಮೆ ಕೇಳಬೇಕೆಂದು ಎರಡು ಸಲ ಅವರ ಬಾಗಿಲತನಕ ಹೋಗಿ, ಕೆಳಗಿನ ಕೊಂಬಿನಿ ಅಂಗಡಿಗೆ ಹೊರಟವಳಂತೆ ಲಿಫ್ಟ್ ಹತ್ತಿ ಕೆಳಗಿಳಿದು, ಬೇಡದ ಹಾಲು ಕೊಂಡು ಬಂದೆ. ಅಂಥ ಹೇಡಿತನದಲ್ಲಿ ನಾನು ಎತ್ತಿದ ಕೈ.

ಕೊನೆಗೂ ವಿಮಾನದ ಪಟ್ಟಿಯಲ್ಲಿ ಅವರ ಹೆಸರು ಬಂತು. ಹೊರಡುವ ದಿನ ಲಿಫ್ಟಿನ ಎದುರು ಸೂಟ್‌ಕೇಸು ಹಿಡಿದು ನಿಂತಿದ್ದರು. ಕಾಲಿನಲ್ಲಿ ಅದೇ ಕಪ್ಪು ಬೂಟು, ಮೊದಲ ಸಲ ಬೀದಿಗೆ ಇಳಿಯುತ್ತಿತ್ತು. ನಾನು ತಲೆ ತಗ್ಗಿಸಿದೆ. ಅವರೇ ಮಾತಾಡಿದರು.

"ಪಟ್ಟಿ ಚೆನ್ನಾಗಿತ್ತು ಸುಧಾ. ನಿಜವಾಗ್ಲೂ. ಹದಿನೇಳನೇದು ಮಾತ್ರ ನಾನು ಒಪ್ಪಲ್ಲ."

"ಯಾವ್ದು ಅದು?" ಎಂದೆ, ಗೊತ್ತಿದ್ದೂ.

"ಆ ಹೆಂಗಸು ಜಾಸ್ತಿ ಹೊತ್ತು ಸುಮ್ನಿರ್ತಾಳೆ ಅಂತ ಬರ್ದಿದ್ರಿ. ಅವಳು ಹೆದರಿದಾಳೆ ಕಣ್ರೀ. ಹೆದರಿದೋರು ಬಾಯಿ ಬಿಡೋಕೆ ಟೈಮ್ ಹಿಡಿಯುತ್ತೆ."

ಲಿಫ್ಟಿನ ಬಾಗಿಲು ಮುಚ್ಚಿತು. ನಾನು ಮನೆಗೆ ಬಂದು ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತೆ.

ಸಿನಿಮಾ ಮುಂದಿನ ವರ್ಷ ಬಂತು. ಕಥೆ, ಮಾತು, ನಿರ್ದೇಶನ ಎಂಬುದರ ಕೆಳಗೆ ಅಣ್ಣನ ಮಗನ ಹೆಸರು ನಿಂತಿತ್ತು. ಎಣಿಸಿದೆ, ನಾಲ್ಕಲ್ಲ, ಆರು ಸೆಕೆಂಡು. ಒಂದು ಸಣ್ಣ ಪಾತ್ರ ಮಾಡಿದ್ದ ಇವರ ಹೆಸರು ಕಲಾವಿದರ ಸಾಲಿನಲ್ಲಿ ಆರನೆಯದು. ಹದಿನೇಳನೇ ದೋಷವನ್ನು ಸರಿಪಡಿಸಿದ್ದರು. ಆ ಮೌನವನ್ನು ಕತ್ತರಿಸಿ ಹಾಕಿದ್ದರು. ದೃಶ್ಯ ಸತ್ತು ಬಿದ್ದಿತ್ತು. ಅವರು ಹೇಳಿದ್ದೇ ಸರಿ ಎಂದು ಆಗ ಗೊತ್ತಾಯಿತು.

ಅವರ ಸುದ್ದಿ ಮತ್ತೆ ಬಂದದ್ದು ಕಳೆದ ತಿಂಗಳು. ರೈಲಿನಲ್ಲಿ ಇನ್ನೂ ಎಲ್ಲರೂ ಮಾಸ್ಕಿನಲ್ಲಿದ್ದರು. ಆಫೀಸಿನಿಂದ ಬರುತ್ತಾ ಫೋನು ನೋಡಿದರೆ ಹನ್ನೊಂದು ಜನರಿಗೆ ಕಳಿಸಿದ ಇಮೇಲು. ಅದೇ ಎಡಿಟರ್, ಅದೇ ಕ್ಯಾಮೆರಾದವರು, ಗೊತ್ತಿಲ್ಲದ ಕೆಲವರು, ಕೊನೆಯಲ್ಲಿ ನಾನು. ಹೊಸ ಸಿನಿಮಾದ ಕಚ್ಚಾ ಪ್ರತಿ. ಕೆಳಗೆ ಒಂದೇ ಸಾಲು: 'ಸುಧಾ ಅವರೇ, ಪಟ್ಟಿ ಮಾಡಿ ಕಳಿಸಿ. ಎಲ್ಲರಿಗೂ.'

ಮನೆಯಲ್ಲಿ ಮಗಳ ಜೊತೆ ಕೂತು ನೋಡಿದೆ. ಪರದೇಶದ ಒಂದು ಫ್ಲಾಟಿನಲ್ಲಿ ಸಿಕ್ಕಿಬಿದ್ದು, ಹಾಳೆಯ ಮೇಲೆ ಬೂಟು ಹಾಕಿ ನಿಂತು ಸಿನಿಮಾ ಮಾಡುವ ಹೆಂಗಸಿನ ಕಥೆ. ಆ ಪಾತ್ರವನ್ನು ಬೇರೆ ಯಾರೋ ಮಾಡಿದ್ದರು. ಇವರು ಮಾಡಿದ್ದು ಪಕ್ಕದ ಮನೆಯವಳ ಪಾತ್ರ. ಕೈಯಲ್ಲಿ ಚಿತ್ರಾನ್ನದ ಡಬ್ಬಿ, ಬೆರಳಿಗೆ ಸುತ್ತಿದ ಐಡಿ ಕಾರ್ಡಿನ ದಾರ. ನನ್ನ ನಡಿಗೆ, ನನ್ನ ಪೆದ್ದು ನಗು, ತಪ್ಪು ಸಿಕ್ಕಾಗ ಮೂಗಿನ ತುದಿ ಕೆರೆದುಕೊಳ್ಳುವುದು, ಒಂದನ್ನೂ ಬಿಟ್ಟಿರಲಿಲ್ಲ. ಆಮೇಲೆ ಮೀಟಿಂಗಿನ ದೃಶ್ಯ. ಚೌಕಗಳು. ಮೈಕಿನ ಮೇಲೆ ಬೆರಳು. ದೀರ್ಘ ಮೌನ. ಆಮೇಲೆ ಆ ಬೆರಳು ಒತ್ತಿತು. ಪಕ್ಕದ ಮನೆಯವಳು ಮಾತಾಡಿದಳು, ನಡುಗುತ್ತಲೇ, ಒಂದು ನಿಮಿಷ. ನಾನು ಕನ್ನಡಿಯ ಮುಂದೆ ಜೋಡಿಸಿಕೊಂಡಿದ್ದ ಮಾತುಗಳು ಇವರಿಗೆ ಹೇಗೆ ಗೊತ್ತಾದವೋ. ಸಿನಿಮಾದೊಳಗಿನ ಸಿನಿಮಾ ಅದನ್ನು ಮಾಡಿದವಳಿಗೇ ಉಳಿಯಿತು.

"ಅಮ್ಮಾ, ದಟ್ಸ್ ಯು" ಎಂದಳು ಮಗಳು. ಆಮೇಲೆ ಮೆಲ್ಲಗೆ, "ಬಟ್ ಯು ಡಿಡ್ನ್‌ಟ್ ಸೇ ಇಟ್, ನೋ? ನಾನು ಅಲ್ಲೇ ಇದ್ದೆ."

ಅವಳು ಕನ್ನಡದಲ್ಲಿ ಪೂರ್ತಿ ವಾಕ್ಯ ಆಡುವುದೇ ಅಪರೂಪ. "ಹೇಳ್ಲಿಲ್ಲ ಪುಟ್ಟಾ" ಎಂದೆ.

ಆ ವಾರದ ಕೊನೆಗೆ ಪಟ್ಟಿ ಮಾಡಿದೆ. ಒಟ್ಟು ಮೂವತ್ಮೂರು ದೋಷ. ಮೂವತ್ತೆರಡು ಸಣ್ಣವು: ಬೂಟಿನ ದಾರ, ಗಡಿಯಾರ, ಕಿಟಕಿಯ ಬೆಳಕು. ಮೊದಲನೆಯದನ್ನು ಬರೆಯಲು ಒಂದು ಸಂಜೆ ಹಿಡಿಯಿತು.

ದೋಷ: ಒಂದು. ನಿಮಿಷ: ಅರವತ್ತೆಂಟು. ಆಗಬೇಕಾದದ್ದು: ಪಕ್ಕದ ಮನೆಯವಳು ಮಾತಾಡಬಾರದು. ಆದದ್ದು: ಮಾತಾಡುತ್ತಾಳೆ. ವಿವರ: ಅವತ್ತು ಅವಳು ಮಾತಾಡಲಿಲ್ಲ. ಮೈಕು ಕೆಟ್ಟಿರಲಿಲ್ಲ, ಹೆದರಿಕೆಗೆ ಒತ್ತಲಿಲ್ಲ. ಪಟ್ಟಿ ಮಾಡಿದ್ದೂ ಎಲ್ಲರಿಗೂ ಕಳಿಸಿದ್ದೂ ಅವಳೇ, ನಿರ್ದೇಶಕರು ಮಾಡಿಸಿದ್ದಲ್ಲ. ಆ ಸಿನಿಮಾ ಅವರದು. ತೀವ್ರತೆ: ಹೆಚ್ಚು.

ಹನ್ನೊಂದು ಹೆಸರನ್ನೂ ಒಂದೊಂದಾಗಿ ನೋಡಿಕೊಂಡು 'ಎಲ್ಲರಿಗೂ ಉತ್ತರಿಸಿ' ಒತ್ತಿದೆ. ಅವತ್ತಿನ ಮೀಟಿಂಗಿನಲ್ಲಿ ನಾನು ಸುಮ್ಮನಿದ್ದುದನ್ನು ಕಣ್ಣಾರೆ ಕಂಡಿದ್ದ ಇಬ್ಬರು ಅದರಲ್ಲಿದ್ದರು.

ಮರುದಿನ ಪಟ್ಟಿ ವಾಪಸು ಬಂತು, ಅದೂ ಎಲ್ಲರಿಗೂ. ಕೊನೆಯ ಅಂಕಣವನ್ನು ಅವರೇ ತುಂಬಿದ್ದರು. ಮೂವತ್ತೆರಡು ಸಾಲುಗಳ ಮುಂದೆ 'ಸರಿಮಾಡುತ್ತೇವೆ' ಎಂದಿತ್ತು. ಮೊದಲನೆಯದರ ಮುಂದೆ ಮಾತ್ರ 'ಸರಿಯಾಗಿದೆ' ಎಂದು ಬರೆದು, ನಾನು ಅದನ್ನು ಎಲ್ಲರಿಗೂ ಕಳಿಸಿದ ದಿನದ ತಾರೀಖು ಹಾಕಿದ್ದರು.